ಉಲ್ಲೇಖ ಯಾರ ಸೊತ್ತು?

ಚೆನ್ನೈನ ವಿಶ್ವವಿದ್ಯಾಲಯಗಳಲ್ಲಿ ಮೂಳೆಯ ಬಿರುಕು ತುಂಬುವ ಸೆರಾಮಿಕ್, ಸುಟ್ಟ ಗಾಯಕ್ಕೆ ಹೊದಿಸುವ ಕೊಲಾಜೆನ್ ಹಾಳೆ, ಔಷಧವನ್ನು ಹೊತ್ತೊಯ್ಯುವ ನ್ಯಾನೊ ಕಣ ಇಂಥವುಗಳ ಮೇಲೆ ಕೆಲಸ ಮಾಡುವ ಸಂಶೋಧಕರ ಪರಿಚಯ ಇವತ್ತು ಮೂರು ಅಂಕಿಗಳಿಂದ ಶುರುವಾಗುತ್ತದೆ. ಎಷ್ಟು ಲೇಖನ ಪ್ರಕಟವಾಗಿವೆ, ಅವುಗಳಿಗೆ ಎಷ್ಟು ಸೈಟೇಶನ್, ಅಂದರೆ ಉಲ್ಲೇಖ, ಬಂದಿವೆ, ಎಚ್-ಇಂಡೆಕ್ಸ್ ಎಷ್ಟು. ಅವರು ಏನು ಕಂಡುಹಿಡಿದರು ಎಂಬುದು ಆಮೇಲಿನ ಮಾತು, ಎಷ್ಟೋ ಸಲ ಆ ಮಾತು ಬರುವುದೇ ಇಲ್ಲ. ಇದನ್ನು ಆಡಳಿತದ ಒಂದು ಅನುಕೂಲ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಒಬ್ಬ ಮನುಷ್ಯನ ಮೂವತ್ತು ವರ್ಷದ ದುಡಿಮೆಗೆ ಬೆಲೆ ಕಟ್ಟುವಾಗ ನಾವು ಕರ್ಮಕ್ಕೂ ಫಲಕ್ಕೂ ಏನು ಸಂಬಂಧ ಎಂಬ ಹಳೆಯ ಪ್ರಶ್ನೆಗೆ ಗೊತ್ತಿಲ್ಲದೆಯೇ ಒಂದು ಉತ್ತರ ಕೊಟ್ಟುಬಿಟ್ಟಿರುತ್ತೇವೆ. ಆ ಉತ್ತರ ತಪ್ಪು ಎಂಬುದು ನನ್ನ ವಾದ. ಇನ್ನೊಬ್ಬರ ಲೇಖನವನ್ನು ಉಲ್ಲೇಖಿಸುವುದು ಬರೆಯುವವನು ತನ್ನ ಋಣವನ್ನು ಒಪ್ಪಿಕೊಳ್ಳುವ ಕ್ರಿಯೆ. ನಾವು ಅದನ್ನು ಉಲ್ಲೇಖಿಸಲ್ಪಟ್ಟವನ ಸಂಪಾದನೆ ಎಂದು ಲೆಕ್ಕ ಹಾಕುತ್ತಿದ್ದೇವೆ. ಕೊಡುವವನ ಮನಸ್ಸಿನಲ್ಲಿ ಹುಟ್ಟಬೇಕಾದದ್ದನ್ನು ಪಡೆಯುವವನು ಬೆನ್ನಟ್ಟತೊಡಗಿದಾಗ ಆ ಫಲ ಒಳಗಿನಿಂದಲೇ ಪೊಳ್ಳಾಗುತ್ತದೆ. ಹಾಗಾಗಿ ವಿದ್ಯೆಯ ಈ ಒಂದು ಕ್ಷೇತ್ರದಲ್ಲಿ ನಿಷ್ಕಾಮತೆ ಸಜ್ಜನರ ಐಚ್ಛಿಕ ಆಭರಣವಲ್ಲ. ಅದಿಲ್ಲದಿದ್ದರೆ ಫಲಕ್ಕೆ ಅರ್ಥವೇ ಇರುವುದಿಲ್ಲ.

ಈ ಎಣಿಕೆ ಬಂದ ದಾರಿಯನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಉಲ್ಲೇಖಗಳ ಸೂಚಿಯೊಂದನ್ನು ತಯಾರಿಸುವ ಪ್ರಸ್ತಾಪ ಮಂಡಿಸಿದಾಗ ಯಾರನ್ನೂ ತೂಗಿ ನೋಡುವ ಉದ್ದೇಶ ಮುಂದಿರಲಿಲ್ಲ. ಹಳೆಯ ತೀರ್ಪೊಂದನ್ನು ಮುಂದಿನ ತೀರ್ಪುಗಳು ಎತ್ತಿಹಿಡಿದವೋ ತಳ್ಳಿಹಾಕಿದವೋ ಎಂದು ವಕೀಲರು ಹುಡುಕಿಕೊಳ್ಳಲು ಅಲ್ಲಿ ಒಂದು ಸೂಚಿ ಮೊದಲೇ ಇತ್ತು. ವಿಜ್ಞಾನಕ್ಕೂ ಅಂಥದೊಂದು ಇದ್ದರೆ, ಒಂದು ವಿಚಾರ ಎಲ್ಲಿಂದ ಎಲ್ಲಿಗೆ ಹರಿಯಿತು, ಯಾವ ಲೇಖನವನ್ನು ಆಮೇಲಿನವರು ಟೀಕಿಸಿದರು ಎಂಬುದು ಓದುಗನಿಗೆ ತಿಳಿದು, ತಪ್ಪು ಮಾಹಿತಿಯನ್ನು ಕಣ್ಣುಮುಚ್ಚಿ ಮುಂದಕ್ಕೆ ದಾಟಿಸುವುದು ತಪ್ಪುತ್ತದೆ ಎಂಬುದು ಅವರ ಆಸೆ. 1960ರ ದಶಕದಲ್ಲಿ ಆ ಸೂಚಿ ಅಚ್ಚಾಗಿ ಬಂತು. ಸೂಚಿ ಇದ್ದ ಮೇಲೆ ಎಣಿಸುವುದು ಸುಲಭವಾಯಿತು, ಎಣಿಸಿದ ಮೇಲೆ ಹೋಲಿಸುವುದು ಸುಲಭವಾಯಿತು. 2005ರಲ್ಲಿ ಭೌತವಿಜ್ಞಾನಿ ಹೊರ್ಹೆ ಹಿರ್ಶ್ ಒಂದೇ ಸಂಖ್ಯೆಯಲ್ಲಿ ಒಬ್ಬ ಸಂಶೋಧಕನನ್ನು ಹಿಡಿದಿಡುವ ಎಚ್-ಇಂಡೆಕ್ಸ್ ಸೂಚಿಸಿದರು: ಒಬ್ಬರ 20 ಲೇಖನಗಳು ತಲಾ 20 ಸಲವಾದರೂ ಉಲ್ಲೇಖಗೊಂಡಿದ್ದರೆ ಅವರ ಅಂಕ 20. ನಮ್ಮಲ್ಲಿ ಯುಜಿಸಿ 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ನೇಮಕಾತಿ, ಬಡ್ತಿಗಳಿಗೆ ಶೈಕ್ಷಣಿಕ ಸಾಧನೆಯನ್ನು ಎಣಿಸುವ ಎಪಿಐ ಅಂಕಗಳನ್ನು ತಂದಿತು. 2016ರಿಂದ ಪ್ರಕಟವಾಗುತ್ತಿರುವ, ವಿದ್ಯಾಸಂಸ್ಥೆಗಳ ರಾಷ್ಟ್ರೀಯ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ ಲೇಖನ ಮತ್ತು ಉಲ್ಲೇಖಗಳ ಎಣಿಕೆಗೆ ದೊಡ್ಡ ಪಾಲು ಸಿಕ್ಕಿತು. ಓದುಗನ ನೆರವಿಗಾಗಿ ಹುಟ್ಟಿದ ಸೂಚಿ ಐವತ್ತು ವರ್ಷಗಳಲ್ಲಿ ಬರೆಯುವವನ ಆಸ್ತಿ ಪತ್ರವಾಗಿಬಿಟ್ಟಿತು.

ಈ ಆಸ್ತಿ ಪತ್ರ ಏನನ್ನು ಹಿಡಿದಿಡಲಾರದು ಎಂಬುದಕ್ಕೆ ಚೆನ್ನೈನಲ್ಲೇ ನಡೆದ ಒಂದು ಉದಾಹರಣೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್ 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಆಗ ಅವರಿಗೆ ಮೂವತ್ತರ ಆಸುಪಾಸು. ಅದೇ ಕಾಲದಲ್ಲಿ ಮದ್ರಾಸಿಗೆ ಬಂದಿದ್ದ ಬ್ರಿಟನ್ನಿನ ವಿಜ್ಞಾನಿ ಜೆ.ಡಿ. ಬರ್ನಾಲ್, ಕೊಲಾಜೆನ್‌ನ ರಚನೆ ಇನ್ನೂ ಬಿಡಿಸದ ಒಗಟಾಗಿ ಉಳಿದಿದೆ ಎಂದು ಅವರ ಗಮನ ಸೆಳೆದರು. ಚರ್ಮ, ಮೂಳೆ, ಸ್ನಾಯುರಜ್ಜುಗಳನ್ನು ಹಿಡಿದು ನಿಲ್ಲಿಸುವ ಪ್ರೋಟೀನು ಅದು. ಚರ್ಮದ ಮಾತು ಬಂದರೆ ಮದ್ರಾಸಿನಲ್ಲಿ ದೂರ ಹೋಗಬೇಕಿರಲಿಲ್ಲ: 1948ರಲ್ಲಿ ಆರಂಭವಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಅಡ್ಯಾರಿನಲ್ಲೇ ಇತ್ತು, ಮಾದರಿಗಳಿಗೆ ಅದರ ನೆರವು ಒದಗಿತು. ಕಾಂಗರೂ ಬಾಲದ ಸ್ನಾಯುರಜ್ಜುವಿನ ಎಕ್ಸ್-ರೇ ಚಿತ್ರಗಳನ್ನು ಇಟ್ಟುಕೊಂಡು ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮೂರು ಎಳೆಗಳ ಸುರುಳಿಯ ವಿನ್ಯಾಸವನ್ನು ಮುಂದಿಟ್ಟರು, ಮರುವರ್ಷ ಅದನ್ನು ಒಂದರ ಸುತ್ತ ಒಂದು ಹೊಸೆದುಕೊಂಡ ಎಳೆಗಳ ರೂಪಕ್ಕೆ ತಿದ್ದಿದರು. ಕೊಲಾಜೆನ್‌ನಲ್ಲಿ ಸುಮಾರು ಮೂರರಲ್ಲೊಂದು ಭಾಗ ಗ್ಲೈಸಿನ್ ಏಕೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿತ್ತು: ಮೂರೂ ಎಳೆಗಳು ಒತ್ತಿಕೊಳ್ಳುವ ನಡುಭಾಗದಲ್ಲಿ ಎಲ್ಲಕ್ಕಿಂತ ಚಿಕ್ಕ ಅಮೈನೋ ಆಮ್ಲಕ್ಕೆ ಮಾತ್ರ ಜಾಗವಿದೆ.

1955ರಲ್ಲೇ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಈ ವಿನ್ಯಾಸವನ್ನು ಉಲ್ಲೇಖಿಸಿದರು, ಆದರೆ ಆಕ್ಷೇಪ ಎತ್ತುವುದಕ್ಕಾಗಿ. ಪರಮಾಣುಗಳು ಇರಬಾರದಷ್ಟು ಹತ್ತಿರ ಬಂದಿವೆ, ಎರಡು ಹೈಡ್ರೋಜನ್ ಬಂಧಗಳಿರುವ ಕಡೆ ಒಂದೇ ಸಾಧ್ಯ ಎಂದರು. ಇವತ್ತಿನ ಗಣಕದಲ್ಲಿ ಆ ಆಕ್ಷೇಪವೂ ಒಂದು ಸೈಟೇಶನ್, ಮೆಚ್ಚುಗೆಯೂ ಒಂದು ಸೈಟೇಶನ್, ಎರಡರ ತೂಕವೂ ಒಂದೇ. ಆದರೆ ರಾಮಚಂದ್ರನ್ ಅವರಿಗೆ ಆ ಒಂದು ಆಕ್ಷೇಪ ಸಾವಿರ ಮೆಚ್ಚುಗೆಗಿಂತ ಭಾರವಾಗಿ ಕಂಡಿತು. ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರಬಲ್ಲವು ಎಂದು ಅವರು ಮೂಲದಿಂದ ಕೇಳಿಕೊಂಡರು, ಆಗ ಲಭ್ಯವಿದ್ದ ಸ್ಫಟಿಕ ರಚನೆಗಳನ್ನೆಲ್ಲ ಜಾಲಾಡಿದರು. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜೊತೆ ಸೇರಿ 1963ರಲ್ಲಿ ಪ್ರಕಟಿಸಿದ ಐದು ಪುಟದ ಬರಹದಲ್ಲಿ ಪ್ರೋಟೀನಿನ ಎಳೆ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವುವು ಅದಕ್ಕೆ ನಿಷಿದ್ಧ ಎಂಬ ನಕ್ಷೆ ರೂಪುಗೊಂಡಿತ್ತು. ಅದೇ ರಾಮಚಂದ್ರನ್ ನಕ್ಷೆ. ಹೈಡ್ರೋಜನ್ ಬಂಧಗಳ ವಿಷಯದಲ್ಲಿ ರಿಚ್ ಮತ್ತು ಕ್ರಿಕ್ ಹೇಳಿದ್ದೇ ಸರಿ ಎಂದು 1994ರಲ್ಲಿ ಪ್ರಕಟವಾದ ಸ್ಫಟಿಕ ರಚನೆ ತೋರಿಸಿತು. ಮೂರು ಎಳೆಯ ಹೊಸೆದ ಸುರುಳಿ ಮಾತ್ರ ನಿಂತಿತು. ಒಬ್ಬರ ಭಾಗಶಃ ತಪ್ಪು, ಇನ್ನೊಬ್ಬರ ನೇರ ಟೀಕೆ, ಆ ಟೀಕೆಗೆ ಕಿವಿಗೊಟ್ಟ ಎಂಟು ವರ್ಷದ ದುಡಿಮೆ ಇವೆಲ್ಲ ಸೇರಿ ಜಗತ್ತಿಗೆ ಆ ನಕ್ಷೆ ಸಿಕ್ಕಿತು. ಇನ್ನೂ ಮುಖ್ಯವಾದದ್ದು ಮುಂದಿನ ಮಾತು. ಇವತ್ತು ಯಾವ ಪ್ರೋಟೀನಿನ ರಚನೆ ಹೊರಬಂದರೂ ಅದನ್ನು ಆ ನಕ್ಷೆಗೆ ಒಡ್ಡಿ ಪರೀಕ್ಷಿಸುತ್ತಾರೆ. ಹಾಗೆ ಪರೀಕ್ಷಿಸುವ ಬಹುಪಾಲು ಲೇಖನಗಳು 1963ರ ಬರಹವನ್ನು ಉಲ್ಲೇಖಿಸುವುದಿಲ್ಲ, ಏಕೆಂದರೆ ಅದು ಪಠ್ಯಪುಸ್ತಕಕ್ಕೆ ಸೇರಿ ಎಲ್ಲರ ಸ್ವತ್ತಾಗಿದೆ. ಜ್ಞಾನ ಪೂರ್ತಿಯಾಗಿ ಅರಗಿದ ಕಡೆ ಉಲ್ಲೇಖ ನಿಂತುಹೋಗುತ್ತದೆ ಎಂಬುದನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದರು. ಅಂದರೆ ಪ್ರಭಾವ ಅತ್ಯಂತ ಆಳವಾದ ಕಡೆಯೇ ನಮ್ಮ ಅಳತೆಗೋಲು ಮೂಕವಾಗುತ್ತದೆ.

ಉಲ್ಲೇಖ ಎಂಬುದು ಹಾಗಾದರೆ ಯಾವ ಬಗೆಯ ಕ್ರಿಯೆ? ನಮ್ಮ ಪರಂಪರೆಯಲ್ಲಿ ಇದನ್ನು ಯೋಚಿಸಲು ಎರಡು ಗಟ್ಟಿ ಸಾಧನಗಳಿವೆ. ಮೊದಲನೆಯದು ಋಣದ ಕಲ್ಪನೆ. ಮನುಷ್ಯ ಹುಟ್ಟುವಾಗಲೇ ಸಾಲಗಾರ ಎಂದು ವೈದಿಕ ಸಾಹಿತ್ಯ ಹೇಳುತ್ತದೆ. ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಅವನು ತೀರಿಸಬೇಕಾದದ್ದಿದೆ. ಶತಪಥ ಬ್ರಾಹ್ಮಣ ನಾಲ್ಕನೆಯದಾಗಿ ಮನುಷ್ಯರ ಋಣವನ್ನೂ ಸೇರಿಸುತ್ತದೆ. ಋಷಿಋಣ ತೀರುವುದು ಅಧ್ಯಯನದಿಂದ, ಕಲಿತದ್ದನ್ನು ಮುಂದಿನವರಿಗೆ ದಾಟಿಸುವುದರಿಂದ. ಲೇಖನದ ಕೊನೆಯ ಉಲ್ಲೇಖಪಟ್ಟಿ ಆಧುನಿಕ ವಿದ್ಯೆಯಲ್ಲಿ ಋಷಿಋಣ ಒಪ್ಪಿಕೊಳ್ಳುವ ಜಾಗ: ಇದು ನನಗೆ ಇವರಿಂದ ಬಂದದ್ದು, ಇಲ್ಲಿಂದ ಮುಂದಿನದು ಮಾತ್ರ ನನ್ನದು. ಎರಡನೆಯ ಸಾಧನ ನ್ಯಾಯದರ್ಶನದ ಶಬ್ದಪ್ರಮಾಣ. ಇನ್ನೊಬ್ಬರ ಮಾತಿನಿಂದ ಜ್ಞಾನ ಹುಟ್ಟಬೇಕಾದರೆ ಆಡುವವನು ಆಪ್ತನಾಗಿರಬೇಕು ಎನ್ನುತ್ತದೆ ಆ ದರ್ಶನ. ನ್ಯಾಯಸೂತ್ರಗಳ ಭಾಷ್ಯಕಾರ ವಾತ್ಸ್ಯಾಯನ ಆಪ್ತನಿಗೆ ಹೇಳುವ ಲಕ್ಷಣ ಹುಟ್ಟಿಗಾಗಲಿ ಹುದ್ದೆಗಾಗಲಿ ಸಂಬಂಧಿಸಿದ್ದಲ್ಲ. ವಿಷಯವನ್ನು ನೇರವಾಗಿ ಅರಿತಿರಬೇಕು, ಅರಿತದ್ದನ್ನು ಅರಿತ ಹಾಗೆಯೇ ತಿಳಿಸುವ ಇಚ್ಛೆಯಿರಬೇಕು. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣ ಒಂದೇ ಎಂದು ಅವನು ಸೇರಿಸುತ್ತಾನೆ. ಉಲ್ಲೇಖವೂ ಒಂದು ಸಾಕ್ಷ್ಯ. ನಾನು ಇದನ್ನು ಓದಿದೆ, ಇದರಿಂದ ನನಗೆ ಪ್ರಯೋಜನವಾಯಿತು ಎಂದು ಉಲ್ಲೇಖಿಸುವವನು ನುಡಿಯುತ್ತಿದ್ದಾನೆ. ಓದದೆ ಉಲ್ಲೇಖಿಸಿದರೆ ಮೊದಲ ಷರತ್ತು ಮುರಿಯಿತು, ಬೇರೆ ಲಾಭಕ್ಕಾಗಿ ಉಲ್ಲೇಖಿಸಿದರೆ ಎರಡನೆಯದು. ಹಾಗೆ ಮುರಿದ ಸಾಕ್ಷ್ಯಗಳನ್ನು ಲಕ್ಷ ಸಂಖ್ಯೆಯಲ್ಲಿ ಕೂಡಿಸಿದರೂ ಪ್ರಮಾಣ ಹುಟ್ಟದು. ರಾಮಚಂದ್ರನ್ ಕೂಡ ತಮ್ಮ ಕೊನೆಯ ದಶಕಗಳಲ್ಲಿ ನ್ಯಾಯ ಮತ್ತು ಜೈನರ ಸ್ಯಾದ್ವಾದದ ಕಡೆ ತಿರುಗಿ, ಅವುಗಳ ತರ್ಕವನ್ನು ಗಣಿತದ ರೂಪಕ್ಕೆ ತರುವ ಲೇಖನಗಳನ್ನು ಬರೆದರು. ಒಂದು ಹೇಳಿಕೆ ಯಾವ ನೆಲೆಯಿಂದ, ಎಷ್ಟರ ಮಟ್ಟಿಗೆ ಸತ್ಯ ಎಂದು ಕೇಳದೆ ಅದನ್ನು ಒಪ್ಪಬಾರದೆಂಬುದು ಸ್ಯಾದ್ವಾದದ ತಿರುಳು. ಸಂಖ್ಯೆಗೂ ಆ ಪ್ರಶ್ನೆ ಕೇಳಲೇಬೇಕು.

ಕೇಳದಿದ್ದರೆ ಏನಾಗುತ್ತದೆ ಎಂಬುದು ಈಗಾಗಲೇ ಕಣ್ಣಮುಂದಿದೆ. ಜಗತ್ತಿನ ಸುಮಾರು ಒಂದು ಲಕ್ಷ ಸಂಶೋಧಕರ ಉಲ್ಲೇಖಗಳನ್ನು ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು 2019ರಲ್ಲಿ ಪಟ್ಟಿಮಾಡಿದಾಗ, ಕನಿಷ್ಠ 250 ಜನರ ಉಲ್ಲೇಖಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರಿಂದಲೇ ಅಥವಾ ಅವರ ಸಹಲೇಖಕರಿಂದಲೇ ಬಂದಿದ್ದವು. ಇಡೀ ಪಟ್ಟಿಯ ಮಧ್ಯಬಿಂದು ಶೇಕಡಾ 13ನ್ನು ಮುಟ್ಟಿರಲಿಲ್ಲ. ಚೆನ್ನೈನ ಒಂದು ದಂತವೈದ್ಯ ಕಾಲೇಜಿನಲ್ಲಿ ಪದವಿ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಕುಳಿತು ಬರೆದ ಲೇಖನಗಳು ಪ್ರಕಟವಾಗುತ್ತಿರುವುದನ್ನೂ, ಅದೇ ಸಂಸ್ಥೆಯ ಹಿಂದಿನ ಲೇಖನಗಳಿಗೆ ಅವುಗಳಲ್ಲಿ ಹೇರಳವಾಗಿ ಉಲ್ಲೇಖ ಬೀಳುತ್ತಿರುವುದನ್ನೂ 2023ರಲ್ಲಿ ‘ಸೈನ್ಸ್’ ಪತ್ರಿಕೆಯ ತನಿಖಾ ವರದಿ ಬಯಲಿಗಿಟ್ಟಿತು. ತನ್ನ ಹಿಂದಿನ ಕೆಲಸವನ್ನು ಮುಂದುವರಿಸುವವನು ಅದನ್ನು ಉಲ್ಲೇಖಿಸುವುದು ತಪ್ಪೇನಲ್ಲ, ಎಷ್ಟೋ ಸಲ ಅದು ಅಗತ್ಯ. ತಪ್ಪಿರುವುದು ಅಗತ್ಯ ಮೀರಿದ ಕಡೆ. ಆಯ್ದಕ್ಕಿ ಮಾರಯ್ಯ ದಿನದ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ತಂದಲ್ಲಿಗೇ ಹಿಂದಿರುಗಿಸಿ ಬರಲು ಕಳಿಸಿದಳು ಎಂದು ಶರಣರ ಕಥೆ ಹೇಳುತ್ತದೆ. ಆ ಅಕ್ಕಿ ಕದ್ದದ್ದಲ್ಲ, ನೆಲದ ಮೇಲೆ ಬಿದ್ದದ್ದೇ. ಆದರೂ ಕಾಯಕಕ್ಕೆ ಸಲ್ಲಬೇಕಾದುದರ ಆಚೆಗೆ ಕೈಚಾಚಿದರೆ ಕಾಯಕವೇ ಕೆಡುತ್ತದೆಂದು ಅವಳಿಗೆ ಗೊತ್ತಿತ್ತು. ಹೆಚ್ಚುವರಿ ಉಲ್ಲೇಖ ಕೂಡಿಹಾಕುವವನು ಕಾನೂನು ಮುರಿದಿಲ್ಲವೆಂದು ಹೇಳಬಹುದು. ಲಕ್ಕಮ್ಮನ ಪ್ರಶ್ನೆಗೆ ಅದು ಉತ್ತರವಾಗದು.

ವಸ್ತುವಿಜ್ಞಾನ ಮತ್ತು ವೈದ್ಯಕೀಯ ಕೂಡುವ ಕ್ಷೇತ್ರದಲ್ಲಿ ಈ ಪ್ರಶ್ನೆ ಇನ್ನೂ ಮೊನಚಾಗುತ್ತದೆ. ಅಲ್ಲಿ ಲೇಖನದ ಕೊನೆಯ ಓದುಗ ಮನುಷ್ಯನ ಮೈ. ಪ್ರಯೋಗಾಲಯದಲ್ಲಿ ಶುದ್ಧಗೊಳಿಸಿದ ಕೊಲಾಜೆನ್ ಹಾಳೆ ಸುಟ್ಟ ಗಾಯದ ಮೇಲೆ ಕೂರುತ್ತದೆ, ಹೈಡ್ರಾಕ್ಸಿಅಪಟೈಟ್ ಲೇಪನ ಸೊಂಟದ ಕೃತಕ ಕೀಲಿನೊಳಗೆ ಸೇರುತ್ತದೆ. ಇಂಥ ವಸ್ತು ಜೀವಕೋಶಗಳಿಗೆ ವಿಷವಲ್ಲ ಎಂಬ ಒಂದು ಸಾಲನ್ನು ಬೇರೆ ಗುಂಪುಗಳು ನಂಬಿ ಪ್ರಾಣಿಗಳ ಮೇಲಿನ ಪರೀಕ್ಷೆಗೆ ಹೋಗುತ್ತವೆ, ಅಲ್ಲಿಂದ ರೋಗಿಗಳ ಬಳಿಗೆ. ಅವಸರಕ್ಕೆ ಬರೆದ ಲೇಖನ, ಅದಕ್ಕೆ ಕೃತಕವಾಗಿ ಒದಗಿದ ನೂರು ಉಲ್ಲೇಖ, ಆ ನೂರನ್ನು ನೋಡಿ ಹುಟ್ಟಿದ ನಂಬಿಕೆ ಇವು ಒಂದರ ಮೇಲೊಂದು ನಿಂತಾಗ ಬೆಲೆ ತೆರುವವನು ಅಂಕ ಗಳಿಸಿದವನಲ್ಲ. ಇನ್ನೊಂದು ಕಡೆ, ಚೆನ್ನೈನ ಕಿಲ್ಪಾಕ್ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಒಬ್ಬರ ಗಾಯ ಮಾಗಿದರೆ ಅದು ಯಾವ ಸೂಚಿಯಲ್ಲೂ ದಾಖಲಾಗುವುದಿಲ್ಲ. ಗುಣವಾದವನು ಉಲ್ಲೇಖ ಬರೆಯುವುದಿಲ್ಲ. ಶತಪಥದ ನಾಲ್ಕನೆಯ ಋಣ ಇಲ್ಲಿ ತೀರುತ್ತಿದೆ, ನಮ್ಮ ಎಣಿಕೆಯಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.

ಇದಕ್ಕೆ ಬಲವಾದ ಮೊದಲ ಆಕ್ಷೇಪ ನಮ್ಮ ಸಮಾಜದ ಅನುಭವದಿಂದ ಬರುತ್ತದೆ. ಅಂಕಿ ಬೇಡವೆಂದರೆ ಆ ಜಾಗಕ್ಕೆ ಬರುವುದೇನು? ಜಾತಿ, ಶಿಫಾರಸು, ಗುರುವಿನ ಹೆಸರು, ಇಂಗ್ಲಿಷಿನ ಉಚ್ಚಾರ. ಸಣ್ಣ ಊರಿನ ಕಾಲೇಜಿನಲ್ಲಿ ಕಲಿತು ಬಂದ ಹುಡುಗಿಗೆ ಯಾರ ಪರಿಚಯವೂ ಇಲ್ಲ. ಅವಳ ಪರವಾಗಿ ಮಾತಾಡುವುದು ಅವಳ ಲೇಖನಗಳ ಲೆಕ್ಕವೊಂದೇ. ಮದ್ರಾಸಿನ ಹುದ್ದೆಗೆ ರಾಮಚಂದ್ರನ್ ಅವರನ್ನು ಸೂಚಿಸಿದವರು ರಾಮನ್, ನೇಮಿಸಿದವರು ಉಪಕುಲಪತಿ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್. ಆ ಆಯ್ಕೆ ಸರಿಯಾದದ್ದು ನಮ್ಮ ಪುಣ್ಯ, ಅದೇ ಪದ್ಧತಿಯಲ್ಲಿ ಎಷ್ಟೋ ಅನರ್ಹರು ಒಳಗೆ ಬಂದಿರಬಹುದಲ್ಲವೇ ಎಂದು ಕೇಳುವುದು ನ್ಯಾಯವೇ. ಈ ಆಕ್ಷೇಪದ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ: ಮುಚ್ಚಿದ ಬಾಗಿಲಿನ ಹಿಂದಿನ ಅಭಿಪ್ರಾಯಕ್ಕೆ ಎದುರಾಗಿ ನಿಲ್ಲುವ ಬಹಿರಂಗ ದಾಖಲೆಯೊಂದು ಬೇಕು. ಆದರೆ ಅಂಕಿ ಪಕ್ಷಪಾತವನ್ನು ಅಳಿಸುತ್ತದೆ ಎಂಬ ಇನ್ನರ್ಧ ನಿಲ್ಲದು. ಹೆಸರಿರುವವರಿಗೇ ಮನ್ನಣೆ ಹರಿಯುತ್ತದೆ ಎಂಬುದನ್ನು ಮರ್ಟನ್ 1968ರಲ್ಲಿ ವಿವರಿಸಿ, ಉಳ್ಳವನಿಗೇ ಇನ್ನಷ್ಟು ದೊರೆಯುವುದೆಂಬ ಮತ್ತಾಯನ ಸುವಾರ್ತೆಯ ಮಾತಿನ ನೆನಪಿಗೆ ಅದನ್ನು ಮತ್ತಾಯ ಪರಿಣಾಮ ಎಂದು ಕರೆದರು. ದೊಡ್ಡ ಪ್ರಯೋಗಾಲಯದ ಮುಖ್ಯಸ್ಥರ ಹೆಸರು ನೂರಾರು ಲೇಖನಗಳಲ್ಲಿ ಸೇರುತ್ತದೆ. ಆ ಸಣ್ಣ ಊರಿನ ಹುಡುಗಿ ಒಂದೇ ಸಮಸ್ಯೆಯ ಮೇಲೆ ಐದು ವರ್ಷ ಕೂತರೆ ಮೊದಲು ಸೋಲುವುದು ಅಂಕಿಯ ಮುಂದೆಯೇ. ಅವಳಿಗೆ ನ್ಯಾಯ ಸಿಗುವುದು ಅವಳ ಅತ್ಯುತ್ತಮ ಎರಡು ಮೂರು ಲೇಖನಗಳನ್ನು ಸಮಿತಿ ಓದಿ, ಆಯ್ಕೆಯ ಕಾರಣಗಳನ್ನು ಬರೆದು, ಸಹಿ ಹಾಕಿ, ಕೇಳಿದವರಿಗೆ ತೋರಿಸಲು ಸಿದ್ಧವಿದ್ದಾಗ. ಪತ್ರಿಕೆಯ ಲೇಖನಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬಂದಿವೆ ಎಂದು ಹೇಳುವ ಇಂಪ್ಯಾಕ್ಟ್ ಫ್ಯಾಕ್ಟರ್‌ನಿಂದ ವ್ಯಕ್ತಿಯನ್ನು ಅಳೆಯಬೇಡಿ ಎಂದ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯೂ, 2015ರ ಲೈಡೆನ್ ಪ್ರಣಾಳಿಕೆಯೂ ಹೇಳುವುದು ಹೆಚ್ಚುಕಡಿಮೆ ಇದನ್ನೇ. ಓದಿ ತೀರ್ಪು ಕೊಡುವವನು ಆಪ್ತನಾಗಬಲ್ಲ. ಓದದೆ ಎಣಿಸುವವನಿಗೆ ಆ ಅರ್ಹತೆಯೇ ಇಲ್ಲ.

ಎರಡನೆಯ ಆಕ್ಷೇಪ ನಿಷ್ಕಾಮತೆಯ ಮೇಲೆಯೇ. ಫಲವನ್ನು ಬಯಸಬೇಡವೆಂದು ಹೇಳುವುದು ಖಾಯಂ ಹುದ್ದೆಯಲ್ಲಿ ಕೂತವರಿಗೆ ಸುಲಭ, ಗುತ್ತಿಗೆಯ ಮೇಲೆ ದುಡಿಯುವ ಸಂಶೋಧಕನಿಗೆ ಅದು ಉಪವಾಸದ ಉಪದೇಶ. ಬಡವನನ್ನು ಸುಮ್ಮನಿರಿಸಲು ಗೀತೆಯನ್ನು ಬಳಸಿದ ಚರಿತ್ರೆಯೂ ನಮ್ಮಲ್ಲಿದೆ. ಈ ಮಾತಿನ ನೋವು ನಿಜವಾದದ್ದು. ಆದರೆ ಗೀತೆಯ ಎರಡನೆಯ ಅಧ್ಯಾಯ ಕೂಲಿ ಬೇಡವೆನ್ನುವುದಿಲ್ಲ, ಶರಣರ ಕಾಯಕವಂತೂ ಕೂಲಿಯ ಮೇಲೆಯೇ ನಿಂತದ್ದು. ಸಂಬಳ, ಉಪಕರಣ, ಸಮಯ ಇವು ಕೆಲಸದ ಆಸರೆಗಳು. ಅವನ್ನು ಕೇಳುವುದು ಹಕ್ಕು. ಉಲ್ಲೇಖ ಬೇರೆ ಜಾತಿಯದು, ಅದು ಇನ್ನೊಬ್ಬನ ಸ್ವತಂತ್ರ ಸಾಕ್ಷ್ಯ. ಸಾಕ್ಷಿಯನ್ನು ಒಲಿಸಿಕೊಂಡು ಪಡೆದ ತೀರ್ಪಿನಂತೆ, ಬೆನ್ನಟ್ಟಿ ಪಡೆದ ಉಲ್ಲೇಖವೂ ತನ್ನ ಬೆಲೆಯನ್ನು ತಾನೇ ಕಳೆದುಕೊಳ್ಳುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳಬೇಕು: ಅನ್ನವನ್ನೇ ಉಲ್ಲೇಖಕ್ಕೆ ಕಟ್ಟಿಹಾಕಿದವರಿಗೆ ನಿಷ್ಕಾಮಕರ್ಮ ಬೋಧಿಸುವ ಅಧಿಕಾರವಿಲ್ಲ. ಆಮಿಷ ತೋರಿಸುವವನೇ ವೈರಾಗ್ಯ ಉಪದೇಶಿಸುವುದು ಅಧರ್ಮ. ಆದ್ದರಿಂದ ಇಲ್ಲಿ ಮೊದಲು ಬದಲಾಗಬೇಕಾದವರು ನಿಯಮ ಮಾಡುವವರು, ಆಮೇಲಷ್ಟೇ ಯುವ ಸಂಶೋಧಕರು.

ಮೂರನೆಯದು ತತ್ತ್ವಜ್ಞರ ಆಕ್ಷೇಪ. ಪ್ರೇರಣೆ ಏನೇ ಇರಲಿ, ಫಲಿತಾಂಶ ಸತ್ಯವಾದರೆ ಸಾಲದೇ? ಕೀರ್ತಿಯ ಹಸಿವಿನಲ್ಲಿ ಮಾಡಿದ ಪ್ರಯೋಗವೂ ಸರಿಯಾದ ಉತ್ತರ ಕೊಡಬಹುದು. ಕೊಲಾಜೆನ್‌ನ ಎಳೆ ನೋಡುವವನ ಮನಸ್ಸು ಕೇಳಿ ಸುತ್ತಿಕೊಂಡಿಲ್ಲ. ಇದು ಸರಿ, ಪ್ರಕೃತಿಯ ಸತ್ಯ ನಮ್ಮ ಬಯಕೆಯನ್ನು ಅವಲಂಬಿಸಿಲ್ಲ. ಆದರೆ ನಾವು ಚರ್ಚಿಸುತ್ತಿರುವುದು ಆ ಸತ್ಯವನ್ನು ಅಲ್ಲ, ಯಾವುದನ್ನು ನಂಬಬಹುದು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತನ್ನು. ಯಾವ ಸಂಶೋಧಕನೂ ಎಲ್ಲ ಪ್ರಯೋಗಗಳನ್ನು ತಾನೇ ಮಾಡಿ ನೋಡಲಾರ. ವಿಜ್ಞಾನದ ಬಹುಭಾಗ ಪರಸ್ಪರ ನಂಬಿಕೆಯ ಮೇಲೆ ನಿಂತಿದೆ, ಆ ನಂಬಿಕೆ ಹೇಳುವವನ ಪ್ರಾಮಾಣಿಕತೆಯ ಮೇಲೆ. ಆಪ್ತನ ಲಕ್ಷಣದಲ್ಲಿ ವಾತ್ಸ್ಯಾಯನ ಅರಿವಿನ ಜೊತೆಗೆ ಇಚ್ಛೆಯನ್ನೂ ಇಟ್ಟದ್ದು ಇದೇ ಕಾರಣಕ್ಕೆ. ಸಾಕ್ಷ್ಯದಲ್ಲಿ ಹೇಳುವವನ ಮನಸ್ಸು ಹೊರಗಿನ ಸಂಗತಿಯಾಗಿರುವುದಿಲ್ಲ, ಸಾಕ್ಷ್ಯದ ಭಾಗವೇ ಆಗಿರುತ್ತದೆ.

ಹೀಗಾಗಿ ಪ್ರಕಟಣೆಯ ದಾಖಲೆಯನ್ನು ಸುಟ್ಟುಹಾಕಬೇಕೆಂದು ನಾನು ಹೇಳುತ್ತಿಲ್ಲ. ಅದನ್ನು ಗಾರ್ಫೀಲ್ಡ್ ಇಟ್ಟ ಜಾಗದಲ್ಲಿ ಮರಳಿ ಇಡಬೇಕು, ಓದುಗನ ಕೈಯಲ್ಲಿ. ಒಬ್ಬರ ಉಲ್ಲೇಖಗಳ ಸಂಖ್ಯೆ ದೊಡ್ಡದಿದ್ದರೆ ಅದು ನಮ್ಮನ್ನು ಕೇಳಲು ಪ್ರೇರೇಪಿಸಲಿ: ಇವನ್ನು ಬರೆದವರು ಯಾರು, ಒಪ್ಪಿ ಬರೆದರೋ ತಿದ್ದಲು ಬರೆದರೋ, ಇವರ ಕೆಲಸವನ್ನು ಬಳಸಿ ಏನು ಮಾಡಿದರು? ಸಂಖ್ಯೆ ಚಿಕ್ಕದಿದ್ದರೂ ಪ್ರಶ್ನೆ ನಿಲ್ಲದಿರಲಿ: ಇವರ ಕೆಲಸ ಯಾರಿಗೂ ಬೇಡವಾಯಿತೋ, ಅಥವಾ ಇನ್ನೂ ಯಾರೂ ತಲುಪದ ಕಡೆ ಇವರು ನಿಂತಿದ್ದಾರೋ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಸಮಿತಿಗಳಿಗೆ ಸಮಯ ಬೇಕು, ಓದುವ ಶ್ರಮ ಬೇಕು, ಹೆಸರು ಹಾಕಿ ಹೊಣೆ ಹೊರುವ ಧೈರ್ಯ ಬೇಕು. ವಿಶ್ವವಿದ್ಯಾಲಯ ಎಂಬ ಹೆಸರಿಗೆ ಅರ್ಹವಾಗಬೇಕಾದ ಸಂಸ್ಥೆ ಇಷ್ಟನ್ನು ಮಾಡಲಾರೆ ಎನ್ನುವಂತಿಲ್ಲ. ಬರೆಯುವವನ ಪಾಲಿಗೆ ಉಳಿಯುವ ನಿಯಮ ಇನ್ನೂ ಸರಳ. ಓದಿದ್ದನ್ನು ಮಾತ್ರ ಉಲ್ಲೇಖಿಸಬೇಕು, ಪಡೆದದ್ದನ್ನು ಮುಚ್ಚಿಡದೆ ಹೇಳಬೇಕು, ಆಕ್ಷೇಪಿಸಿದವನಿಗೆ ಮೊದಲು ಕಿವಿಗೊಡಬೇಕು. ತನಗೆ ಬರುವ ಉಲ್ಲೇಖ ತನ್ನ ಕೈಯಲ್ಲಿಲ್ಲ, ಇರಲೂ ಬಾರದು. ತಾನು ಕೊಡುವ ಉಲ್ಲೇಖ ಪೂರ್ತಿಯಾಗಿ ತನ್ನ ಕೈಯಲ್ಲಿದೆ. ಸಂಶೋಧಕನ ಧರ್ಮ ಆ ಎರಡನೆಯದರಲ್ಲಿದೆ, ಅವನನ್ನು ಅಳೆಯುವುದಾದರೆ ಅಳೆಯಬೇಕಾದದ್ದೂ ಅದನ್ನೇ.